ಹಕ್ಕಿ ಕೂತ ಮರದ ಒಡೆಯರಿಗೆ ನಾಲ್ಕು ಮಾತು

(ವಲಯದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ. ಸಭೆಗೆ ಬರಲಾಗದಿದ್ದ ಓದುಗರ ಸಲುವಾಗಿ ಪೂರ್ತಿಯಾಗಿ ಕೊಟ್ಟಿದೆ.)



ಬೀಜ, ಗೊಬ್ಬರ, ಬೆಳೆರೋಗ ಇವುಗಳ ಮಾತನಾಡುವುದು ನನ್ನ ನಿತ್ಯದ ಕೆಲಸ. ಇಂದು ಹಕ್ಕಿಗಳ ವಿಷಯವನ್ನು ಎತ್ತಿಕೊಂಡಿದ್ದೇನೆ. ಗ್ರಾಮಸೇವಕನಿಗೆ ಬೇರೆ ಕಸುಬಿಲ್ಲವೇ ಎಂದು ಹಿಂದೆ ಕುಳಿತ ಕೆಲವರು ನಗುತ್ತಿದ್ದೀರಿ. ನಗಬಹುದು. ಆದರೆ ಕೆರೆಯ ಹಿಂದಿನ ಊರಿನಲ್ಲಿ ಎರಡು ವರ್ಷಗಳಿಂದ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುತ್ತಿರುವುದು ತಮಗೆಲ್ಲ ತಿಳಿದಿದೆ. ಅರಣ್ಯ ಇಲಾಖೆಯವರು ಬಂದು ಮರಗಳನ್ನು ಎಣಿಸಿಕೊಂಡು ಹೋದರು. ಅಂದಿನಿಂದ ಊರಿನಲ್ಲಿ ಎರಡು ಮಾತು ಓಡಾಡುತ್ತಿವೆ. ಸರ್ಕಾರದವರು ಜಮೀನನ್ನೇ ಕಿತ್ತುಕೊಳ್ಳುತ್ತಾರೆ, ಅದಕ್ಕೆ ಮುಂಚೆ ಮರವನ್ನು ವ್ಯಾಪಾರಿಗೆ ಕೊಟ್ಟುಬಿಡೋಣ ಎಂಬುದು ಒಂದು. ಮರಕ್ಕೆ ದುಡ್ಡು ಬರುತ್ತದಂತೆ, ಕೇಳಿದ ಕಡೆ ಸಹಿ ಹಾಕಿಬಿಡೋಣ ಎಂಬುದು ಇನ್ನೊಂದು. ಎರಡೂ ಅವಸರದ ಮಾತುಗಳೇ.

ಆ ಊರಿನ ಒಬ್ಬ ಅಜ್ಜಿ, ಎರಡು ಹುಣಸೆಮರದ ಒಡತಿ, ನನ್ನನ್ನು ನಿಲ್ಲಿಸಿ ಕೇಳಿದರು: "ಅಲ್ಲಾ ಕಣಪ್ಪಾ, ಹಕ್ಕಿ ಸರ್ಕಾರದ್ದು ಅಂತೀಯ. ಅವು ಕೂತಿರೋ ಮರ ಯಾರ್ದು?" ಪ್ರಶ್ನೆ ಸಣ್ಣದೇನೂ ಅಲ್ಲ. ಆ ಎರಡು ಮರದ ಹಣ್ಣಿನಿಂದಲೇ ಮೊಮ್ಮಗಳ ಓದಿನ ಖರ್ಚು ನಡೆಯುತ್ತಿದೆ. ಇವತ್ತಿನ ನನ್ನ ಭಾಷಣವೆಲ್ಲ ಅವರಿಗೆ ಹೇಳಬೇಕಾದ ಉತ್ತರವೇ.

ಮರ ಅಜ್ಜಿಯದು. ಅದರಲ್ಲಿ ಅನುಮಾನವಿಲ್ಲ. ಹಕ್ಕಿ ಬಂದು ಕೂತ ಮಾತ್ರಕ್ಕೆ ಯಾರ ಖಾತೆಯೂ ಬದಲಾಗುವುದಿಲ್ಲ. ಆದರೆ ಮರದ ಮೇಲೆ ಮೊಟ್ಟೆಯೋ ಮರಿಯೋ ಇರುವಷ್ಟು ಕಾಲ ಆ ಗೂಡನ್ನು ಕದಲಿಸಲು ಯಾರಿಗೂ ಅಧಿಕಾರವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಬಂದೂಕು ಹಾರಿಸುವುದು ಮಾತ್ರವಲ್ಲ. ಕಾಡುಹಕ್ಕಿಯ ಮೊಟ್ಟೆ ಒಡೆಯುವುದು, ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕೆದಕುವುದು ಸಹ ಬೇಟೆಯೆಂದೇ ಲೆಕ್ಕ. ಯಾವ ಘೋಷಣೆಯೂ ಆಗದಿದ್ದರೂ ಈ ನಿಯಮ ಇಂದಿಗೂ ನಮ್ಮೂರಿಗೆ ಅನ್ವಯಿಸುತ್ತದೆ. ಆದುದರಿಂದ ಮರದ ವ್ಯಾಪಾರಿ ಮುಂಗಡ ಕೊಡುತ್ತೇನೆಂದು ಬಂದರೆ, ಈಗ ಗೂಡಿರುವ ಮರಕ್ಕೆ ಕೊಡಲಿ ಹಾಕಿಸಿಕೊಂಡವರು ತೊಂದರೆಗೆ ಸಿಕ್ಕಿಬೀಳುತ್ತಾರೆ, ವ್ಯಾಪಾರಿ ಲಾರಿ ಹತ್ತಿ ಹೋಗಿರುತ್ತಾನೆ. ಗೂಡಿಲ್ಲದ ಕಾಲದಲ್ಲಿ ಕಡಿಯುವುದಾದರೂ ಅನುಮತಿ ಬೇಕೇ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲು ವಿಚಾರಿಸತಕ್ಕದ್ದು.

ಹಕ್ಕಿಗೂ ರೈತನಿಗೂ ನಿಜವಾದ ತೊಡಕು ಎಲ್ಲಿದೆ ಎಂಬುದನ್ನು ನೋಡೋಣ. ಅದಿರುವುದು ಪಂಚಾಂಗದಲ್ಲಿ. ಹೆಜ್ಜಾರ್ಲೆಗಳು ಮಳೆ ಕಳೆದ ಮೇಲೆ ನಮ್ಮ ಕಡೆ ಬರಲಾರಂಭಿಸಿ ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆಗಳು ಸ್ವಲ್ಪ ತಡವಾಗಿ ಸೇರಿಕೊಳ್ಳುತ್ತವೆ. ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು. ಹೆಜ್ಜಾರ್ಲೆಯ ಮರಿ ರೆಕ್ಕೆ ಬಲಿತು ಹಾರಲು ಅಲ್ಲಿಂದ ಮುಂದೆ ಮೂರು ನಾಲ್ಕು ತಿಂಗಳು. ಹುಣಸೆಹಣ್ಣು ಬಲಿತು ಬಡಿಯಬೇಕಾದದ್ದು ಯಾವಾಗ? ಸಂಕ್ರಾಂತಿ ಕಳೆದ ಮೇಲೆ, ಫೆಬ್ರವರಿ, ಮಾರ್ಚಿಯಲ್ಲಿ. ಅದೇ ಹೊತ್ತಿಗೆ ಮರದ ತುಂಬ ಮರಿ. ಮರ ಹತ್ತುವಂತಿಲ್ಲ, ಕೋಲು ಬೀಸುವಂತಿಲ್ಲ. ಹಣ್ಣು ತಾನಾಗಿ ಉದುರಿದರೂ ಹಿಕ್ಕೆಯಲ್ಲಿ ಬಿದ್ದು ಹಾಳಾಗುತ್ತದೆ. ಹಿಕ್ಕೆ ಅತಿಯಾದ ಕಡೆ ಚಿಗುರೂ ಸುಟ್ಟುಹೋಗುತ್ತದೆ. ಹೀಗೆ ಹಕ್ಕಿ ಉಳಿಯಬೇಕಾದರೆ ಒಂದು ವರ್ಷದ ಫಸಲನ್ನು ಮರದ ಯಜಮಾನನು ಬಿಟ್ಟುಕೊಡುತ್ತಾನೆ. ಹಕ್ಕಿಯನ್ನು ನೋಡಿ ಸಂತೋಷಪಡುವವರು ಪಟ್ಟಣದಿಂದ ಬರುತ್ತಾರೆ, ನಷ್ಟ ಮಾತ್ರ ಹಳ್ಳಿಯಲ್ಲಿ ಉಳಿಯುತ್ತದೆ. ಈ ಲೆಕ್ಕವನ್ನು ಮುಚ್ಚಿಟ್ಟು ಹಕ್ಕಿಯನ್ನು ಪ್ರೀತಿಸಿ ಎಂದು ರೈತರಿಗೆ ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಈ ಲೆಕ್ಕವನ್ನು ನಮಗಿಂತ ಮುಂಚೆ ಮಾಡಿದ ಊರೊಂದು ದೂರದಲ್ಲೇನೂ ಇಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು, ಶಿಂಷಾ ನದಿಯ ಬಳಿ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿ ಸುಮಾರು 12 ಕಿಲೋಮೀಟರು ಒಳಗೆ ಹೋದರೆ ಸಿಗುತ್ತದೆ. ಅಲ್ಲಿ ಕಾಡಿಲ್ಲ, ಬೇಲಿಯಿಲ್ಲ. ಹಟ್ಟಿಯ ಹಿಂದಿನ ಹುಣಸೆ, ದಾರಿಯ ಬದಿಯ ಅರಳಿ, ಬಸರಿ ಇವುಗಳ ಮೇಲೆಯೇ ಗೂಡು. ಕೆಳಗೆ ದನ ಕಟ್ಟಿರುತ್ತಾರೆ, ಹೆಂಗಸರು ರಾಗಿ ಹಸನು ಮಾಡುತ್ತಿರುತ್ತಾರೆ, ಮೇಲೆ ಮಾರುದ್ದದ ರೆಕ್ಕೆಯ ಹಕ್ಕಿಗಳು ಇಳಿಯುತ್ತಿರುತ್ತವೆ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದು ಆ ಊರಿನವರು ಅವುಗಳನ್ನು ಕರೆಯುವುದುಂಟು. ಹಿಂದೆ ಪ್ಲೇಗಿನ ಕಾಲದಲ್ಲಿ ಊರನ್ನು ನದಿಯ ದಡದಿಂದ ಎಬ್ಬಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ. ಹೆಜ್ಜಾರ್ಲೆಯೆಂಬುದು ಭಾರತ, ಶ್ರೀಲಂಕಾ, ಕಾಂಬೋಡಿಯ ಮುಂತಾದ ಕೆಲವೇ ದೇಶಗಳಲ್ಲಿ ಮರಿ ಮಾಡುವ ಹಕ್ಕಿ. ಅಂಥದ್ದು ನಮ್ಮ ಜಿಲ್ಲೆಯ ಹಿತ್ತಲಿನಲ್ಲಿ ಮರಿ ಮಾಡುತ್ತಿದೆ.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಆ ಊರನ್ನು ಕಂಡು ಹೊರಗಿನವರ ಗಮನಕ್ಕೆ ತಂದರು. ಇಲಾಖೆಯವರು ಆಗ ಮಾಡಿದ ಒಂದು ಕೆಲಸವನ್ನು ನಾನು ಬುದ್ಧಿವಂತಿಕೆಯ ಕೆಲಸವೆನ್ನುತ್ತೇನೆ. ಅವರು ಊರನ್ನು ಪಕ್ಷಿಧಾಮವೆಂದು ಸಾರಿ ಜನರನ್ನು ಎಬ್ಬಿಸಲಿಲ್ಲ. ಗೂಡಿರುವ ಮರಗಳ ಫಲ ಕೈಬಿಟ್ಟದ್ದಕ್ಕಾಗಿ ಮರದ ಯಜಮಾನರಿಗೆ ಪರಿಹಾರ ಕೊಡುವ ಪದ್ಧತಿಯನ್ನು ತಂದರು. ಮರವನ್ನು ಕೊಳ್ಳಲಿಲ್ಲ, ಮರದ ಫಸಲಿನ ನಷ್ಟಕ್ಕೆ ಹಣ ಕೊಟ್ಟರು. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ತಾವು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. 1990ರ ದಶಕದಲ್ಲಿ ಮೈಸೂರಿನ ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯವರು ಊರಿನ ಯುವಕರನ್ನು ಸೇರಿಸಿದರು, ಹೆಜ್ಜಾರ್ಲೆ ಬಳಗ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಆವರಣವೊಂದರಲ್ಲಿ ಇಟ್ಟು ಮೀನು ಹಾಕಿ ಸಾಕಿ, ಬಲಿತ ಮೇಲೆ ಹಾರಿಬಿಡುವ ಕೆಲಸವನ್ನು ಆ ಹುಡುಗರು ಮಾಡಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಎಲ್ಲವೂ ಸುಗಮವೆಂದು ಹೇಳಿದರೆ ತಮಗೆ ಮೋಸ ಮಾಡಿದಂತೆ. ಪರಿಹಾರ ಸಾಲದು, ಬರುವುದೂ ತಡ ಎಂಬ ದೂರು ಅಲ್ಲಿ ಹಲವು ಬಾರಿ ಕೇಳಿಬಂದಿದೆ. ಮರ ಮಾರಿದವರೂ ಉಂಟು. 2017ರ ಕೊನೆ, 2018ರ ಮೊದಲಿನಲ್ಲಿ ಹೊಟ್ಟೆಯಲ್ಲಿ ಜಂತುಹುಳು ತುಂಬಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತವು. ಈ ಹುಳು ಹಕ್ಕಿಯೊಳಗೆ ಹೋಗುವುದು ತಿಂದ ಮೀನಿನ ಮೂಲಕ. ಅಂದರೆ ಮರವನ್ನು ಕಾಪಾಡಿದರೆ ಸಾಲದು, ಮೀನಿರುವ ಕೆರೆಯೂ ನೆಟ್ಟಗಿರಬೇಕು. ಈ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಘೋಷಣೆಯ ವಿಷಯ. ನಮ್ಮೂರನ್ನು ಏನೆಂದು ಘೋಷಿಸಿಯಾರು ಎಂಬ ಭಯ ಎಲ್ಲರಿಗೂ ಇದೆ. ಸರ್ಕಾರದ ಸ್ವಂತ ಜಾಗವಾದರೆ ಅದಕ್ಕೆ ಸಂರಕ್ಷಣಾ ಮೀಸಲು ಎಂಬ ಒಂದು ಬಗೆ ಇದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2017ರಲ್ಲಿ ಹಾಗಾಯಿತು. ಕೆರೆಯೊಳಗಿನ ಜಾಲಿಮರಗಳ ಮೇಲೆ ಅಲ್ಲಿ ಗೂಡುಗಳು. 2024ರಲ್ಲಿ ಅದು ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ನಮ್ಮದು ಆ ಬಗೆಯಲ್ಲ. ನಮ್ಮ ಮರಗಳು ಹಿಡುವಳಿ ಜಮೀನಿನಲ್ಲಿವೆ. ಅಂಥ ಕಡೆಗೆ ಇರುವುದು ಸಮುದಾಯ ಮೀಸಲು. 2002ರ ತಿದ್ದುಪಡಿಯಿಂದ ಕಾಯ್ದೆಯೊಳಗೆ ಬಂದದ್ದು ಇದು. ಇದರ ಮೊದಲ ಷರತ್ತೇ ಏನೆಂದರೆ, ಊರಿನವರಾಗಲಿ ಜಮೀನಿನ ಒಡೆಯರಾಗಲಿ ತಾವಾಗಿ ಮುಂದೆ ಬಂದಿರಬೇಕು. ತಾವು ಒಲ್ಲೆವೆಂದರೆ ಈ ಬಗೆಯ ಘೋಷಣೆಗೆ ಆಧಾರವೇ ಇಲ್ಲ. ಘೋಷಣೆಯಾದ ಮೇಲೂ ಪಹಣಿಯಲ್ಲಿ ಹೆಸರು ತಮ್ಮದೇ. ಮಾರಾಟ, ಭಾಗ, ಸಾಲ ಇವುಗಳ ಮಾತು ಬೇರೆ, ಜಮೀನು ಸರ್ಕಾರಕ್ಕೆ ಸೇರುವುದಿಲ್ಲ.

ಹಾಗಾದರೆ ಕಳೆದುಕೊಳ್ಳುವುದು ಏನೂ ಇಲ್ಲವೇ? ಇದೆ. ಸಹಿ ಹಾಕುವ ಮುಂಚೆಯೇ ಅದನ್ನು ತಿಳಿದಿರಬೇಕು. ಘೋಷಣೆಯಾದ ಗಡಿಯೊಳಗೆ ಜಮೀನಿನ ಬಳಕೆಯನ್ನು ಬದಲಾಯಿಸುವುದಕ್ಕೆ ನಿರ್ವಹಣಾ ಸಮಿತಿಯ ನಿರ್ಣಯವೂ ಬೇಕು, ಅದರ ಮೇಲೆ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ಇಂದು ಹೊಲ, ನಾಳೆ ನಿವೇಶನ ಅಥವಾ ಇಟ್ಟಿಗೆಗೂಡು ಎಂದು ಮನಸ್ಸಿನಲ್ಲಿಟ್ಟುಕೊಂಡವರು ಇದನ್ನು ಗಮನಿಸಬೇಕು. ಇನ್ನೂ ಎರಡು ನಿಯಮಗಳು ಅಭಯಾರಣ್ಯದಂತೆಯೇ ಇಲ್ಲಿಗೂ ಬರುತ್ತವೆ. ಬೆಂಕಿ ಹಚ್ಚಿ ಅಪಾಯ ತರಕೂಡದು, ವನ್ಯಜೀವಿಗಳಿಗೆ ಹಾನಿ ಮಾಡುವಂಥ ರಾಸಾಯನಿಕ ಬಳಸಕೂಡದು. ಕಬ್ಬಿನ ತರಗಿಗೆ ಬೆಂಕಿ ಕೊಡುವುದು, ಭತ್ತಕ್ಕೆ ಔಷಧಿ ಹೊಡೆಯುವುದು ನಮ್ಮಲ್ಲಿ ವರ್ಷಕ್ಕೊಮ್ಮೆಯ ಮಾತಲ್ಲ. ತರಗನ್ನು ಸುಡದೆ ಸಾಲಿನಲ್ಲೇ ಮುಚ್ಚಿಗೆಯಾಗಿ ಹಾಸಿ ಎಂದು ನಾನು ಹೇಗಿದ್ದರೂ ಹೇಳುತ್ತಲೇ ಬಂದಿದ್ದೇನೆ. ಆದರೆ ಔಷಧಿಯ ವಿಷಯ ಅಷ್ಟು ಸುಲಭದ್ದಲ್ಲ. ಯಾವ ಔಷಧಿ, ಗೂಡಿನ ಮರದಿಂದ ಎಷ್ಟು ದೂರ, ಯಾವ ತಿಂಗಳು, ಇವನ್ನೆಲ್ಲ ಬಾಯಿಮಾತಿಗೆ ಬಿಡದೆ ಯೋಜನೆಯಲ್ಲಿ ಬರೆಸಿಕೊಳ್ಳಬೇಕು. ಗಡಿಯನ್ನು ಸರ್ವೆ ನಂಬರುಗಳ ಸಮೇತ ಗುರುತು ಮಾಡಿಸಿಕೊಳ್ಳಬೇಕು. ಮರ ಇರುವ ಮೂಲೆಯೊಂದಿಗೆ ಇಡೀ ಗದ್ದೆ ಬಯಲು ಸೇರುತ್ತದೆಯೋ ಇಲ್ಲವೋ ಎಂಬುದು ನಕ್ಷೆ ನೋಡಿದಾಗಲೇ ಗೊತ್ತಾಗುವುದು.

ಯೋಜನೆ ಎಂದರೆ ರಾಜಧಾನಿಯಿಂದ ಅಚ್ಚಾಗಿ ಬರುವ ಕಾಗದ ಎಂದು ನಮ್ಮಲ್ಲಿ ಭಾವನೆ. ಸಮುದಾಯ ಮೀಸಲಿನಲ್ಲಿ ಹಾಗಲ್ಲ. ನಿರ್ವಹಣಾ ಯೋಜನೆಯನ್ನು ತಯಾರಿಸಿ ನಡೆಸಬೇಕಾದದ್ದು ಸಮಿತಿ. ಆ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ನೇಮಿಸಿದ ಕನಿಷ್ಠ ಐದು ಮಂದಿ, ಅರಣ್ಯ ಇಲಾಖೆಯ ಒಬ್ಬರು. ಸಮಿತಿ ಆರಿಸಿದ ಅಧ್ಯಕ್ಷರೇ ಆ ಪ್ರದೇಶಕ್ಕೆ ಗೌರವ ವನ್ಯಜೀವಿ ಪರಿಪಾಲಕರಾಗುತ್ತಾರೆ. 2022ರ ತಿದ್ದುಪಡಿಯಿಂದ ಇನ್ನೊಂದು ಅನುಕೂಲವಾಗಿದೆ. ಖಾಸಗಿ ಜಮೀನಿನಲ್ಲಿ ಘೋಷಣೆಯಾದರೆ ಸಮಿತಿಯಲ್ಲಿ ಆ ಜಮೀನಿನ ಒಡೆಯರು ಇರಲೇಬೇಕು. ಅಜ್ಜಿಯಂಥವರು ಹೊರಗೆ ನಿಂತು ಕೇಳುವ ಕಾಲ ಇದಲ್ಲ, ಒಳಗೆ ಕುರ್ಚಿಯ ಮೇಲೆ ಕುಳಿತು ಹೇಳಬಹುದು. ಆದರೆ ನಮ್ಮ ಊರುಗಳ ರೀತಿ ನನಗೂ ಗೊತ್ತಿದೆ. ಸಮಿತಿ ಎಂದೊಡನೆ ದೊಡ್ಡ ಮನೆಯ ನಾಲ್ವರ ಹೆಸರು ಬರೆದು, ಹಕ್ಕಿಯ ನೆರಳೂ ಬೀಳದ ಜಮೀನಿನವರು ಅಧ್ಯಕ್ಷರಾಗುವುದುಂಟು. ಗ್ರಾಮಸಭೆಯಲ್ಲಿ ಆ ದಿನ ಗೂಡಿನ ಮರದವರೆಲ್ಲ, ಹೆಂಗಸರನ್ನು ಕರೆದುಕೊಂಡು, ಬಂದು ಕೂರಬೇಕು.

ಪರಿಹಾರದ ಮಾತಿಗೆ ಬರೋಣ. ಒಂದು ಮರಕ್ಕೆ ಇಂತಿಷ್ಟು ಎಂದು ಮೇಲಿನಿಂದ ಬಂದರೆ ಅದು ಹೆಚ್ಚೋ ಕಡಿಮೆಯೋ ಎಂದು ವಾದಿಸಲು ತಮ್ಮ ಕೈಯಲ್ಲಿ ಏನಾದರೂ ಇರಬೇಕು. ಹಕ್ಕಿ ಬರುವ ಮುಂಚಿನ ವರ್ಷಗಳಲ್ಲಿ ಮರದಿಂದ ಎಷ್ಟು ಮಣ ಹಣ್ಣು ಇಳಿಯಿತು, ಯಾರಿಗೆ ಮಾರಿದಿರಿ, ಎಷ್ಟಕ್ಕೆ? ಮಂಡಿಯ ಚೀಟಿ ಸಿಕ್ಕರೆ ತೆಗೆದಿಡಿ. ಸಿಗದಿದ್ದರೆ ಇಂದಿನಿಂದಲಾದರೂ ಗೂಡಿಲ್ಲದ ಮರಗಳ ಲೆಕ್ಕ ಬರೆದಿಡಿ, ಹೋಲಿಕೆಗೆ ಆಗುತ್ತದೆ. ಹಣ ಯಾವ ತಿಂಗಳೊಳಗೆ ಬರಬೇಕು ಎಂಬುದನ್ನು ಸಮಿತಿಯ ನಿರ್ಣಯದಲ್ಲಿ ಬರೆಯಬೇಕು. ಹುಣಸೆ ಮಾರುವ ಕಾಲಕ್ಕೆ ಸಿಗುವ ಹಣಕ್ಕೂ ಎರಡು ವರ್ಷ ಬಿಟ್ಟು ಸಿಗುವ ಹಣಕ್ಕೂ ಇರುವ ಅಂತರ ಸಾಲ ಮಾಡಿದವರಿಗೇ ಗೊತ್ತು.

ಇಲ್ಲಿಯೇ ಒಂದು ದೊಡ್ಡ ತೊಡರಿದೆ. ಹಣ ಬರುವುದು ದಾಖಲೆಯಲ್ಲಿ ಹೆಸರಿರುವವರಿಗೆ. ನಾನು ಆ ಊರಿನ ಪಹಣಿಗಳನ್ನು ತಿರುವಿ ನೋಡಿದೆ. ಗೂಡಿರುವ ಮರಗಳ ಪೈಕಿ ಹಲವು ತೀರಿಹೋದವರ ಹೆಸರಿನಲ್ಲೇ ಇವೆ. ಅಜ್ಜಿಯ ಎರಡು ಮರಗಳ ಜಮೀನೂ ಅವರ ಯಜಮಾನರ ಹೆಸರಿನಲ್ಲಿದೆ, ಅವರು ಹೋಗಿ ಎಷ್ಟೋ ವರ್ಷವಾಯಿತು. ಪೌತಿ ಖಾತೆ ಮಾಡಿಸದಿದ್ದರೆ ಹಕ್ಕಿ ಅವರ ಮರದ ಮೇಲೆ, ಚೆಕ್ಕು ಮಾತ್ರ ಯಾರ ಕೈಗೂ ಸೇರದೆ ಕಚೇರಿಯಲ್ಲಿ. ಅಣ್ಣತಮ್ಮಂದಿರ ಭಾಗದಲ್ಲಿ ನೆಲ ಒಬ್ಬರಿಗೆ, ಮರದ ಫಲ ಇಬ್ಬರಿಗೂ ಎಂದು ಬಾಯಿಮಾತಿನಲ್ಲಿ ಇಟ್ಟುಕೊಂಡವರು ಸಹ ಅದನ್ನು ಈಗಲೇ ಕಾಗದದ ಮೇಲೆ ತರುವುದು ಲೇಸು. ಪರಿಹಾರ ಬಂದ ಮೇಲೆ ಜಗಳ ಹೊಸದಾಗಿ ಹುಟ್ಟುತ್ತದೆ.

ಹಕ್ಕಿಯಿಂದ ಬರುವ ಗೊಬ್ಬರದ ವಿಷಯವನ್ನು ಕೃಷಿ ಓದಿದವನಾಗಿ ನಾನು ಹೇಳದಿರಲಾರೆ. ತಮಿಳುನಾಡಿನ ವೇಡಂತಾಂಗಲ್ ಕೆರೆಯ ಸುತ್ತಲಿನ ರೈತರು ಇನ್ನೂರು ವರ್ಷಕ್ಕೂ ಹಿಂದಿನಿಂದ ಹಕ್ಕಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಹಿಕ್ಕೆ ಬೆರೆತ ಕೆರೆಯ ನೀರು ಗದ್ದೆಗೆ ಗೊಬ್ಬರವಾಗುತ್ತದೆ ಎಂಬುದು ಅವರು ಕಂಡುಕೊಂಡ ಲಾಭ. ಕೊಕ್ಕರೆ ಬೆಳ್ಳೂರಿನವರು ಮರದ ಕೆಳಗೆ ಗುಂಡಿ ತೋಡಿ, ಕೆರೆಗೋಡು ತುಂಬಿ, ಹಿಕ್ಕೆ ಬೆರೆತ ಆ ಮಣ್ಣನ್ನು ಹೊಲಕ್ಕೆ ಹೊಡೆದರು. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಚೆನ್ನಾಗಿವೆ. ಆದರೆ ನೆಲದ ಮೇಲೆ ಬಿಸಿಲಿಗೆ ಬಿಟ್ಟರೆ ಸಾರಜನಕ ಗಾಳಿಗೆ ಹಾರಿಹೋಗುತ್ತದೆ, ಮೂಗಿಗೆ ಹೊಡೆಯುವ ಆ ಘಾಟು ಅದೇ. ಆದುದರಿಂದ ಹಕ್ಕಿ ಬರುವ ಮುಂಚೆಯೇ, ಬುಡದ ಬೇರು ಕಡಿಯದಂತೆ ಸ್ವಲ್ಪ ದೂರದಲ್ಲಿ ಆಳವಿಲ್ಲದ ಗುಂಡಿ ಮಾಡಿ ಕೆರೆಗೋಡು ಹರಡಿ. ವಾರ ಹದಿನೈದು ದಿನಕ್ಕೊಮ್ಮೆ ಮೇಲೊಂದು ಪದರ ಮಣ್ಣು ಎಳೆಯಿರಿ. ಹಕ್ಕಿಗಳು ಹೋದ ಮೇಲೆ ತೆಗೆದು ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಕೊಳೆಸಿ. ಹಸಿಯದನ್ನು ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಒಣಗಿದ ಹಿಕ್ಕೆಯನ್ನು ಕೆದಕುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ಮಕ್ಕಳನ್ನು ಆ ಕೆಲಸಕ್ಕೆ ಹಚ್ಚಬೇಡಿ. ಹಾಗೆಂದು ಈ ಗೊಬ್ಬರದಿಂದಲೇ ಹುಣಸೆಯ ನಷ್ಟ ತುಂಬಿತು ಎಂದು ಯಾರಾದರೂ ಅಧಿಕಾರಿಗಳು ಹೇಳಿದರೆ ಒಪ್ಪಬೇಡಿ. ಅದು ಮೇಲ್ಬರುವ ಲಾಭ, ಪರಿಹಾರಕ್ಕೆ ಬದಲಲ್ಲ.

ಕೆರೆಯ ಮಾತಿಗೆ ಬರುತ್ತೇನೆಂದಿದ್ದೆ. ಹಕ್ಕಿ ಮರಕ್ಕೆ ಬಂದದ್ದು ಮರದ ಚೆಲುವಿಗಲ್ಲ, ಕೆರೆಯ ಮೀನಿಗೆ. ಒಂದು ಊರಿನ ಮರದಲ್ಲಿರುವ ಹಕ್ಕಿ ಸುತ್ತಲಿನ ಹತ್ತಾರು ಕೆರೆಗಳಲ್ಲಿ ಮೇಯುತ್ತದೆ. ಆ ಕೆರೆಗಳಿಗೆ ಒಡೆಯರು ಒಬ್ಬರಲ್ಲ. 40 ಹೆಕ್ಟೇರಿಗೆ ಮೇಲೆ ಅಚ್ಚುಕಟ್ಟಿರುವುದು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕೂ ಚಿಕ್ಕದು ಪಂಚಾಯತ್ ವ್ಯವಸ್ಥೆಗೆ, ಮೀನಿನ ಹಕ್ಕು ಹರಾಜು ಹಿಡಿದವರಿಗೆ. ಅರಣ್ಯ ಇಲಾಖೆ ಮರ ಎಣಿಸಿಕೊಂಡು ಕುಳಿತರೆ, ಇತ್ತ ಕೆರೆ ಪೂರ್ತಿ ಹೂಳೆತ್ತಿ ದಡವನ್ನು ಗೋಡೆಯಂತೆ ಕಡಿದರೆ, ಕಾಲಿನ ಮೇಲೆ ನಿಂತು ಮೇಯುವ ಕೊಕ್ಕರೆಗೆ ತಿಳಿನೀರಿನ ಅಂಚೇ ಇಲ್ಲದಾಗುತ್ತದೆ. ಹೂಳು ತೆಗೆಯಬೇಡಿ ಎನ್ನುತ್ತಿಲ್ಲ, ಅದು ನಮ್ಮ ಹೊಲಕ್ಕೆ ಬೇಕಾದದ್ದೇ. ಒಂದು ಬದಿಯ ಅಂಗಳವನ್ನು ಇಳಿಜಾರಾಗಿಯೇ ಬಿಡಿ ಎಂದು ನಿರ್ಣಯ ಮಾಡಿ ಆ ಇಲಾಖೆಗೂ ಕಳುಹಿಸಿ. ಔಷಧಿ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆಯುವುದನ್ನು ನಿಲ್ಲಿಸಲು ಮಾತ್ರ ಯಾವ ಇಲಾಖೆಯ ಅಪ್ಪಣೆಯೂ ಬೇಡ, ನಾಳೆಯಿಂದಲೇ ಆಗುವ ಕೆಲಸ ಅದು.

ಇನ್ನೊಂದು ಸಲಹೆ, ಇದು ನನ್ನದೇ. ಹಕ್ಕಿಯ ಭಾರವೆಲ್ಲ ಕೆಲವೇ ಮನೆಗಳ ಹುಣಸೆಯ ಮೇಲೆ ಬೀಳಬಾರದು. ಕೆರೆ ಅಂಗಳದ ಅಂಚಿನಲ್ಲಿ, ಗೋಮಾಳದಲ್ಲಿ ಆಲ, ಅರಳಿ, ಬಸರಿ ನೆಡಬಹುದು. ಆಲವೂ ಬಸರಿಯೂ ದಪ್ಪ ಕೊಂಬೆ ನೆಟ್ಟರೂ ಚಿಗುರುತ್ತವೆ, ಸಸಿಗಿಂತ ಬೇಗ ಎತ್ತರವಾಗುತ್ತವೆ. ಏರಿಯ ಮೇಲೆ ಮಾತ್ರ ಬೇಡ, ಬೇರು ಏರಿಯನ್ನು ಸಡಿಲಮಾಡುತ್ತದೆ. ಇವು ಗೂಡು ಹೊರುವಷ್ಟಾಗಲು ವರ್ಷಗಳು ಬೇಕು, ಅದಕ್ಕೇ ಈ ಮುಂಗಾರಿನಲ್ಲಿಯೇ ಶುರುಮಾಡಬೇಕು. ಯೋಜನೆಯಲ್ಲಿ ಇದಕ್ಕೊಂದು ಸಾಲು ಇಡಿಸಿ, ಬೇಲಿ ಮತ್ತು ಎರಡು ಬೇಸಿಗೆಯ ನೀರಿಗೆ ಹಣವನ್ನೂ ಇಡಿಸಿ. ನೆಟ್ಟು ಫೋಟೋ ತೆಗೆಸಿಕೊಂಡು ಮರೆತ ಗಿಡಗಳನ್ನು ನಮ್ಮ ದನಗಳು ಬಹಳ ಮೇದಿವೆ.

ಸಭೆಯಲ್ಲಿ ಒಬ್ಬರು ಹಿರಿಯರು, "ನೀನು ಹೇಳೋದು ನೋಡಿದ್ರೆ ಸಹಿ ಹಾಕಬೇಕೋ ಬೇಡವೋ ಅಂತ ಗೊತ್ತಾಗಲಿಲ್ಲವಲ್ಲಾ" ಎಂದರು. ನನ್ನ ಅಭಿಪ್ರಾಯ ಇದು: ಹಾಕಿ, ಆದರೆ ಬರಿಯ ಕಾಗದದ ಮೇಲೆ ಬೇಡ. ಗಡಿಯ ಸರ್ವೆ ನಂಬರು, ಪರಿಹಾರದ ದರ ಮತ್ತು ತಿಂಗಳು, ಔಷಧಿಯ ನಿಯಮ, ಸಮಿತಿಯಲ್ಲಿ ಮರದವರ ಹೆಸರು, ಇವು ಬರವಣಿಗೆಯಲ್ಲಿ ಬಂದ ಮೇಲೆ ಹಾಕಿ. ಅಲ್ಲಿಯವರೆಗೆ ಮರ ನಿಂತಿರಲಿ, ವ್ಯಾಪಾರಿಯ ಮುಂಗಡ ವ್ಯಾಪಾರಿಯ ಹತ್ತಿರವೇ ಇರಲಿ. ಅಜ್ಜಿಗೂ ಇದನ್ನೇ ಹೇಳಿದೆ. "ಕಾಗದ ನೀನೇ ಓದಿ ಹೇಳ್ಬೇಕು ಕಣಪ್ಪ" ಎಂದರು. ಒಪ್ಪಿಕೊಂಡಿದ್ದೇನೆ.

ಗೂಡಿನ ಮರವಿರುವವರು ಮುಂದಿನ ಗ್ರಾಮಸಭೆಗೆ ಮುಂಚೆ ಪಹಣಿಯ ನಕಲು ತೆಗೆಸಿಡಿ. ತೀರಿಹೋದವರ ಹೆಸರಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಇವುಗಳನ್ನು ಸೇರಿಸಿ ನಾಡಕಚೇರಿಗೆ ಪೌತಿ ಖಾತೆಯ ಅರ್ಜಿ ಕೊಡಿ. ಅರ್ಜಿ ಬರೆಯಲು ತಿಳಿಯದವರು ಸಂತೆಯ ದಿನ ಬೆಳಿಗ್ಗೆ ಪಂಚಾಯಿತಿ ಕಚೇರಿಯಲ್ಲಿ ನನ್ನನ್ನು ಕಾಣಬಹುದು. ಮರಗಳ ಎಣಿಕೆಯ ಪಟ್ಟಿಯೂ ನನ್ನ ಬಳಿ ಇರುತ್ತದೆ, ತಮ್ಮ ಮರ ಅದರಲ್ಲಿ ಸೇರಿದೆಯೇ ಎಂದು ನೋಡಿಕೊಂಡು ಹೋಗಿ.